ಇಪ್ಪತ್ತೆಂಟು, ಇಪ್ಪತ್ತೊಂಬತ್ತು

ಎಡಗೈ ಆರೋಗ್ಯಸಾಮಿಯ ಕತೆ ಬೇಕೆ?
ಭದ್ರಾವತಿಯಲ್ಲಿ ಯಾರನ್ನಾದರೂ ಕೇಳಿ,
ಕ್ಯಾಂಟೀನಿನ ಬೆಂಚು ಕೂಡ ಹೇಳೀತು.
ನನ್ನನ್ನು ಮಾತ್ರ ಕೇಳಬೇಡಿ.
ನಾನು ಸ್ಕೋರು ಬರೆದವನು.

ಅವನ ಹೊಡೆತಕ್ಕೆ ಚೆಂಡಿನ ಉಣ್ಣೆ ಹೊತ್ತಿಕೊಂಡಿತ್ತಂತೆ,
ತುಮಕೂರಿನವರ ಬ್ಯಾಟಿನ ನರ ಹರಿದು ತೂರಿದ್ದು
ಎಳನೀರಿನವನ ಬುಟ್ಟಿಯಲ್ಲಿ ಸಿಕ್ಕಿತಂತೆ,
ಕುಲುಮೆ ಬಾಯಿಬಿಟ್ಟ ರಾತ್ರಿ
ಆ ಕೆಂಪಿನಲ್ಲೇ ಸರ್ವಿಸು ಕಲಿತನಂತೆ.
ಅಂತೆಗಳಿಗೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ನಾನು ಬಲ್ಲದ್ದು ಇಷ್ಟು.
ಅಪ್ಪ ತಿರುಪತ್ತೂರಿನಿಂದ ಇದ್ದಲು ಹೊರಲು ಬಂದವನು.
ಹುಡುಗ ಎಡಗೈಯಲ್ಲಿ ಅನ್ನ ಕಲೆಸಿದರೆ
ತಾಯಿ ಸೌಟಿನಲ್ಲಿ ಬಡಿಯುತ್ತಿದ್ದಳು.
ಊಟ ಬಲಗೈಗೆ ಬಂತು. ಆಟ ಬರಲಿಲ್ಲ.
ಮೊದಲ ಬ್ಯಾಟು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ;
ಮೊದಲ ಚೆಂಡು, ತೀರಿಕೊಂಡ ಫೋರ್‌ಮನ್ನರ ಸ್ವೆಟರಿನ ತೋಳು
ಬಿಚ್ಚಿ, ಸುತ್ತಿ, ಅರಿಸಿನದಲ್ಲಿ ಅದ್ದಿದ್ದು.

ಹತ್ತೊಂಬತ್ತಕ್ಕೆ ಕಾರ್ಖಾನೆಗೆ ಸೇರಿಸಿಕೊಂಡರು, ಆಟಕ್ಕಾಗಿ.
ಹಗಲು ಎರಕದ ಮನೆ, ಸಂಜೆ ಕೋರ್ಟು.
ಮುಂಗೈ ಮೇಲೆ ಕಿಡಿ ಬಿದ್ದ ಕಲೆ ಹದಿಮೂರು,
ಎಣಿಸಿದ್ದೇನೆ, ಎಣಿಸುವುದೇ ನನ್ನ ಕೆಲಸ.
ಸುಣ್ಣದ ಗೆರೆ ಎಳೆವಾಗ ತಾನೇ ದಾರ ಹಿಡಿಯುತ್ತಿದ್ದ.
"ಗೆರೆ ಸೊಟ್ಟಗಿದ್ರೆ ಆಡೋನೂ ಸೊಟ್ಟಗಾಗ್ತಾನೆ, ರೈಟರೇ."

ಎಪ್ಪತ್ತೆಂಟು, ಫೆಬ್ರವರಿ, ಶಿವಮೊಗ್ಗ.
ಎದುರಿಗೆ ರೈಲ್ವೆ. ಮೂರನೆಯ ಆಟ. ಇಪ್ಪತ್ತೆಂಟು ಸಮ.
ಬಲ್ಬಿಗೆ ಮುತ್ತಿದ ಹುಳ ನನ್ನ ಪುಟದ ಮೇಲೆ ಉದುರುತ್ತಿದ್ದವು,
ಊದಿ ಊದಿ ಬರೆಯುತ್ತಿದ್ದೆ.
ಗೋಡೆಯ ಮೇಲೆ, ಲಾರಿಗಳ ಮೇಲೆ ಮೂರೂ ಶಿಫ್ಟಿನ ಜನ
(ಎರಡನೆಯ ಶಿಫ್ಟಿನವರು ಬಂದದ್ದು ಹೇಗೋ, ಟೈಂ ಆಫೀಸಿಗೇ ಗೊತ್ತು).
ನಮ್ಮ ಸರ್ವಿಸು. ಅವರ ಚೆಂಡು ಗೆರೆ ದಾಟಿ ಬಿತ್ತು.
ಅಂಪೈರು ಕೈ ಎತ್ತಿದ.

ಪಟಾಕಿ. ತಮಟೆ. ಕೋರ್ಟಿನೊಳಗೆಲ್ಲ ಚಪ್ಪಲಿ ಕಾಲು.
ಅವನೊಬ್ಬ ನಿಂತಲ್ಲೇ ನಿಂತು
ಬ್ಯಾಟನ್ನು ಕಿವಿಗಿಟ್ಟುಕೊಂಡು, ನರವನ್ನು ಒಂದು ಸಲ ಮೀಟಿ
ಜನರನ್ನು ಸೀಳಿಕೊಂಡು ನನ್ನ ಮೇಜಿಗೆ ಬಂದ.
"ತಗಲಿದೆ, ರೈಟರೇ. ಹೊಡೀರಿ ಗೆರೆ."

ಹೊಡೆದೆ.
ಮತ್ತೆ ಆಡಿಸಲು ಅರ್ಧ ಗಂಟೆ. ಸೋಲಲು ಒಂದೂವರೆ ನಿಮಿಷ.

ಆದರೆ ಅಷ್ಟರಲ್ಲಿ ಲಾರಿಗಳು ಹೊರಟಾಗಿತ್ತು.
ಗೆಲುವು ಹನ್ನೊಂದಕ್ಕೆ ಹೊಳೆ ದಾಟಿ
ಹಳೇ ಸೇತುವೆಯ ಹತ್ತಿರ ಟೈರು ಸುಟ್ಟು
ಮಿಠಾಯಿ ಅಂಗಡಿಯವನನ್ನು ಹಾಸಿಗೆಯಿಂದ ಎಬ್ಬಿಸಿತ್ತು.
ಸೋಲು ನಮ್ಮೊಂದಿಗೆ ಬೆಳಗಿನ ಬಸ್ಸಿನಲ್ಲಿ ಬಂತು,
ಯಾರೂ ಇಳಿಸಿಕೊಳ್ಳಲಿಲ್ಲ.
ಕಪ್ಪು ಎಲ್ಲಿ? ಹೆಸರು ಕೆತ್ತಲು ಹೋಗಿದೆ, ಎಂದರು ಅವರೇ.
ಸಾಹೇಬರು ಕರೆದು ಗಡಿಯಾರ ಕೊಡಹೋದಾಗ
"ಸೋತಿದೀವಿ ಸಾರ್" ಅಂದ.
ನೋಡಿ, ಎಂಥ ವಿನಯ!
ಕತೆಗೆ ಅದೂ ಸೇರಿತು.

ಆಮೇಲೆ ಮಂಡಿ ಹೋಯಿತು. ಆಟ ಹೋಯಿತು.
ಕುಲುಮೆ ಆರಿದ ವರ್ಷ
ಕೋರ್ಟಿನಲ್ಲಿ ಸ್ಕೂಟರು ನಿಲ್ಲಿಸತೊಡಗಿದರು.
ಅವನು ಸಂಜೆ ಬಂದು, ಸ್ಟ್ಯಾಂಡಿನ ನಡುವೆ
ಇಲ್ಲದ ಗೆರೆಯ ಹೊರಗೇ ನಿಲ್ಲುತ್ತಿದ್ದ.

ಸತ್ತ ನಲವತ್ತನೆಯ ದಿನ ಮಗಳು ಸಗಾಯಮೇರಿ ಬಂದಳು.
ಕಲ್ಲಿನ ಮೇಲೆ ಸ್ಕೋರು ಹಾಕಿಸಬೇಕಂತೆ.
ಇಪ್ಪತ್ತೊಂಬತ್ತು ಅಂತ ಬರೆದು ಹೊಡೆದದ್ದನ್ನು
ಬೆರಳಿನಿಂದ ಎರಡು ಸಲ ಮುಟ್ಟಿದಳು.
ಅದಕ್ಕಂಟಿಕೊಂಡ ಒಣ ಹುಳದ ರೆಕ್ಕೆಯನ್ನು
ನಾನು ಈವರೆಗೆ ನೋಡಿರಲಿಲ್ಲ.
"ನೀವು ಬರೆದಷ್ಟೇ ಕೆತ್ತಿಸ್ತೀನಿ."

ಈಗ ಇಗರ್ಜಿಯ ಹಿಂದೆ, ಗ್ರಾನೈಟಿನಲ್ಲಿ,
ಇಪ್ಪತ್ತೆಂಟು, ಇಪ್ಪತ್ತೊಂಬತ್ತು.
ಕೆತ್ತಿದವನು ಕುಡಿದಿದ್ದ, ಎನ್ನುತ್ತಾರೆ ಹುಡುಗರು.
ಯಾರೋ ರಾತ್ರಿ ಬಂದು ಸುಣ್ಣದಲ್ಲಿ ತಿದ್ದಿ ಹೋಗುತ್ತಾರೆ,
ಗೆರೆ ನೇರವಾಗಿಯೇ ಇರುತ್ತದೆ, ಒಪ್ಪಬೇಕು.

ಮಳೆ ಬಂದರೆ
ಮತ್ತೆ ಸೋಲುತ್ತೇವೆ.