ಜೂನಿನ ಖಾಲಿ ಚೌಕ

ಮಾರ್ಚ್ ಮುಗಿಯಿತು. ಪುಂತಾ ಅರೇನಾಸಿನಲ್ಲಿ
ಗಾಳಿಯ ಸೊಕ್ಕು ಇಳಿಯುವ ಹೊತ್ತು.
ಮುದುಕರು ಹಿಡಿದು ನಡೆಯಲೆಂದು
ಬೀದಿ ಮೂಲೆಗೆ ಕಟ್ಟಿದ್ದ ಹಗ್ಗಗಳು
ಒಗೆದ ಬಟ್ಟೆ ತೆಗೆದ ಮೇಲಿನ ತಂತಿಯಂತೆ
ಸುಮ್ಮನೆ ಜೋತಿವೆ.

ಹಳೆಯ ಉಣ್ಣೆ ಗೋದಾಮಿನ ಮಹಡಿಯಲ್ಲಿ
ನಾವು ಏಳು ಜನ, ಒಂದು ಕಬ್ಬಿಣದ ಒಲೆ,
ಗೋಡೆಗೆ ಮೊಳೆ ಹೊಡೆದ ಕಂದು ಕಾಗದ.
ಚಳಿಗಾಲದ ತರಗತಿಗಳು ಇವತ್ತೇ ಗೊತ್ತಾಗಬೇಕು.
ಬರೆದುಕೊಳ್ಳುವವಳು ನಾನು,
ಅಕ್ಷರ ದುಂಡಗಿವೆ ಎಂಬುದೊಂದೇ ನನ್ನ ಅಪರಾಧ.

ಮೊದಲು ಬೇಸಿಗೆಯ ಲೆಕ್ಕ.
ಏಡಿ ಕಾರ್ಖಾನೆಯ ಹೆಂಗಸರಿಗೆ
ಮಣಿಕಟ್ಟಿನ ಪಾಠ, ಹದಿನಾಲ್ಕು ವಾರ.
ಚಿಪ್ಪು ಒಡೆದೊಡೆದು ಮಡಚಿಯೇ ಉಳಿದ ಬೆರಳು
ಹನ್ನೊಂದನೆಯ ವಾರ ಬಿಡಿಸಿಕೊಂಡವಂತೆ.
‘ಪೂರ್ತಿ ಅಲ್ಲ’ ಎಂದ ಮ್ಲಾದೆನ್,
‘ಕೈಗವಸು ತೊಡುವಷ್ಟು.’
ಹಾಗೆಯೇ ಬರೆದೆ: ಕೈಗವಸು ತೊಡುವಷ್ಟು.

ಬಂದರಿನ ಗಂಡಸರು ಮಾತ್ರ ಬರಲಿಲ್ಲ.
ಉಸಿರಾಡುವುದಕ್ಕೂ ಮೇಷ್ಟರು ಬೇಕೇ ಎಂದು
ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.
‘ಹಾಗೆ ನಕ್ಕರೆ ಉಸಿರು ಹೊಕ್ಕುಳಿನ ತನಕ ಇಳಿಯುತ್ತೆ,
ಅದನ್ನೂ ಹಾಜರಿಗೆ ಹಾಕು’ ಎಂದಳು ಸುನಿಲ್ದಾ.
ಹಾಕಿದೆ. ಹತ್ತೊಂಬತ್ತು ಜನ, ಅಂದಾಜು.

ಆಮೇಲೆ ಚೌಕಗಳು.
ಏಪ್ರಿಲ್ ಸಲೀಸಾಗಿ ತುಂಬಿತು.
ಲೆಂಗಾ ಮರ ಕೆಂಪೇರುವಾಗ ಯಾರಿಗೆ ತಾನೆ ಉತ್ಸಾಹವಿಲ್ಲ:
ಸಮುದ್ರದಂಚಿನ ನಡಿಗೆ, ಬೆನ್ನಿಗೊಂದು ದಿನ,
ವೃದ್ಧಾಶ್ರಮದಲ್ಲಿ ಕುರ್ಚಿಯ ಮೇಲೆ ಕೂತೇ ಕುಣಿತ.
ಮೇ ತಿಂಗಳ ಚೌಕಕ್ಕೆ ಒಂದಿಷ್ಟು ಚೌಕಾಸಿ;
ನಹುವೆಲ್‌ಗೆ ಮಗು ಹುಟ್ಟುವ ತಿಂಗಳು ಅದು,
ಅವನ ಬುಧವಾರಗಳನ್ನು ಇಬ್ಬರು ಹಂಚಿಕೊಂಡರು.

ಜೂನ್ ಎಂದೆ.
ಯಾರೂ ಉಸಿರೆತ್ತಲಿಲ್ಲ.
ಉಸಿರು ಕಲಿಸುವವರೇ, ಏಳೂ ಜನ.

ಜೂನಿನ ಸೂರ್ಯ ಇಲ್ಲಿ
ಹತ್ತಕ್ಕೆ ಬಂದು ಐದೂವರೆಗೆ ಎದ್ದುಹೋಗುವ ಗುಮಾಸ್ತ,
ಬಂದಾಗಲೂ ಕಡತದಿಂದ ತಲೆ ಎತ್ತುವುದಿಲ್ಲ.
ಹೋದ ಜೂನಿನಲ್ಲಿ ಇದೇ ನೆಲದ ಮೇಲೆ ನಿಂತು
‘ಎದೆ ತೆರೆಯಿರಿ, ಭುಜ ಸಡಿಲಿಸಿ’ ಎಂದಿದ್ದೆ
ಮೂವತ್ತು ಜನಕ್ಕೆ, ಜೇನಿನಂಥ ದನಿಯಲ್ಲಿ.
ಮನೆಗೆ ಹೋಗಿ ಕೋಟು ಬಿಚ್ಚದೆ
ಅಡುಗೆಮನೆಯ ನೆಲದ ಮೇಲೆ ಕೂತವಳು
ಗೊತ್ತೇ ಆಗದ ಬೆಳಗಿನವರೆಗೆ ಏಳಲಿಲ್ಲ.
ಇದು ನಡಾವಳಿಯಲ್ಲಿ ಇಲ್ಲ.

ಸುನಿಲ್ದಾ ಮಾತಾಡಿದಳು.
ಈಚೆಗೆ ಅವಳ ವಾಕ್ಯಗಳ ನಡುವೆ
ಒಂದೊಂದು ಸಣ್ಣ ದಣಿವು ಕೂರುತ್ತದೆ.
‘ಖಾಲಿ ಬಿಡು, ಯಾಸ್ನಾ.
ಕುರಿ ಕೂಡ ಜೂನಿನಲ್ಲಿ
ಹೊಸ ದಾರಿ ತುಳಿಯೋದಿಲ್ಲ.
ಒಲೆ ಹೊತ್ತಿಸೋಣ. ಬರುವವರು ಬರಲಿ.
ಯಾರೂ ಯಾರಿಗೂ
ಏನೂ ಕಲಿಸಬೇಡಿ.’

‘ಶುಲ್ಕ?’ ಎಂದಳು ಲೆಕ್ಕ ನೋಡುವ ಓರ್ನೆಲಾ.
‘ತಲೆಗೊಂದು ಸೌದೆ.’
‘ಸೌದೆಯಿಲ್ಲದವರು?’
‘ಬೇರೆಯವರ ಸೌದೆಯ ಹತ್ತಿರ ಕೂರಲಿ.’
ಓರ್ನೆಲಾ ಬಾಡಿಗೆಯ ಮಾತೆತ್ತಿದಳು, ಸರಿಯೇ ಅದು;
ಅರ್ಧ ಗಂಟೆ ಜಗಳವಾಯಿತು, ಚಹಾ ಆರಿತು,
ಜುಲೈಯಲ್ಲಿ ಎರಡು ತರಗತಿ ಹೆಚ್ಚಿಗೆ ಎಂದು ಒಪ್ಪಿದೆವು.

ಜೂನಿನ ಚೌಕಕ್ಕೆ ನಾನೇನೂ ಬರೆಯಲಿಲ್ಲ.
ಎಲ್ಲರೂ ಶಾಲು ಹುಡುಕುವಾಗ
ಮೂಲೆಯಲ್ಲಿ, ಅಕ್ಕಿಕಾಳಿನಷ್ಟು,
‘ಒಲೆ: ಯಾಸ್ನಾ’ ಎಂದು ಬರೆದು
ಪೆನ್ನಿನ ಮುಚ್ಚಳ ಹಾಕಿದೆ.

ಆಗಸ್ಟ್? ಎಂದರು ಯಾರೋ.
ಆಗಸ್ಟ್ ಮುಂದಿನ ಸಲ.

ಕೆಳಗಿಳಿಯಲು ಇಪ್ಪತ್ತೆರಡು ಮೆಟ್ಟಿಲು.
ನಾಲ್ಕಕ್ಕೊಮ್ಮೆ ಸುನಿಲ್ದಾ ನಿಲ್ಲುತ್ತಾಳೆ,
ಕಟಕಟೆ ಹಿಡಿದು ಕಿಟಕಿಯ ಆಚೆ ಹಡಗು ನೋಡುವವಳಂತೆ.
ನಾವೂ ನಿಲ್ಲುತ್ತೇವೆ, ಹಿಂದೊಬ್ಬರು ಮುಂದೊಬ್ಬರು,
ಬಾಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಾ,
ಆರೂ ಜನ.