ಜೋನಿಯ ಕಿವಿ

ಜಾನಿ ಅಲ್ಲ, ಜೋನಿ.
ಕೊಪ್ಪದ ಆಲೆಮನೆಯ ಬೂದಿಯಲ್ಲಿ ಹುಟ್ಟಿ
ಜೋನಿಬೆಲ್ಲದ ಬಣ್ಣ ಹೊತ್ತು ಬಂದದ್ದು.

ಕಬ್ಬಿನ ಕಟಾವು ಮುಗಿಯುವ ಹೊತ್ತಿಗೆ
ಹಿಂಡಿದ ರಚ್ಚಿನ ಹಾಗೆ ಬಿದ್ದುಕೊಂಡಿತು.
ಒಸಡು ಬಿಳಿಚಿ, ಮೂಗಿನಿಂದ
ಒಂದೇ ಒಂದು ಹನಿ ರಕ್ತ.
‘ದೃಷ್ಟಿ ಕಣವ್ವ’ ಅಂದ, ಒಲೆಗೆ ರಚ್ಚು ತಳ್ಳುತ್ತಾ ಮರಿಲಿಂಗ.

ಮದ್ದೂರಿನ ಡಾಕ್ಟರಮ್ಮ ಏನೂ ಅನ್ನಲಿಲ್ಲ,
ಕಿವಿ ಮಡಿಸಿ ತೋರಿಸಿದರು:
ಹರಳುಬೀಜದಂಥ ಮೂರು ಉಣ್ಣೆ,
ಉಂಡು ಉಂಡು ಉಬ್ಬಿ
ಅಲ್ಲೇ ನಿದ್ದೆ.
ದಿನಾ ತಟ್ಟಿದ ತಲೆ ಅದು.
ಕಿವಿಯೊಳಗೆ ನಾನು ಇಣುಕಿರಲಿಲ್ಲ.

ಇಪ್ಪತ್ತೆಂಟು ದಿನ ಮಾತ್ರೆ.
ಬೆಲ್ಲದಲ್ಲಿಟ್ಟರೆ ಬೆಲ್ಲ ನೆಕ್ಕಿ ಮಾತ್ರೆ ಉಗುಳಿತು.
ಮುದ್ದೆಯಲ್ಲಿಟ್ಟೆ. ಗುಳುಂ.
ಮುದ್ದೆ ಅಗಿಯಬಾರದೆಂದು
ಮಂಡ್ಯದ ನಾಯಿಗೆ ಹೇಳಿಕೊಡಬೇಕೆ?

ಈಗ ಬೆನ್ನಿಗೆ ತಿಂಗಳ ಮದ್ದು, ಗೋಡೆಯ ಬಿರುಕಿಗೆ ಗಾರೆ.
ಸಂಜೆಯಾದರೆ, ಅವ್ವ ನನ್ನ ತಲೆಯ ಹೇನು ಹೆಕ್ಕುತ್ತಿದ್ದ
ಅದೇ ಮೆಟ್ಟಿಲ ಮೇಲೆ
ಬೆರಳ ಸಂದು, ಕಂಕುಳು, ಬಾಲದ ಬುಡ
ಅಕ್ಕಿಯ ಕಲ್ಲು ಆರಿಸುವಷ್ಟು ನಿಧಾನ.
ಸಿಕ್ಕರೆ ಚಿಮಟ, ಚರ್ಮದಂಚಿಗೇ ಹಿಡಿದು ನೇರ ಎಳೆತ.
ಹಿಸುಕುವ ಆಸೆ ಉಗುರಿಗಿದೆ, ಬಿಡುವುದಿಲ್ಲ.

ಇವತ್ತು ಏನೂ ಸಿಗಲಿಲ್ಲ.
‘ಆಯ್ತು, ಏಳು’ ಅಂದೆ.

ಜೋನಿ ಇನ್ನೊಂದು ಕಿವಿ ಒಡ್ಡಿತು.