ಇಂಚು, ಸೆಂಟ್

ಅಮ್ಮತ್ತಿಯ ನಮ್ಮ ತೋಟದಲ್ಲಿ ಮಳೆಗೆ ಲೆಕ್ಕವುಂಟು.
ಬೆಳಿಗ್ಗೆ ಎಂಟಕ್ಕೆ ಕಣದ ಮೂಲೆಯ ತಗಡಿನ ಡಬ್ಬಿಯಿಂದ
ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು
ಇಂಚು, ಸೆಂಟ್ ಬರೆಯಬೇಕು.
ಮಳೆ ಬಾರದ ದಿನವೂ ಬರೆಯಬೇಕು: ಇಲ್ಲ.

ಐವತ್ತೆರಡರಿಂದ ಅಜ್ಜ ಮಂದಣ್ಣ ಬರೆದ.
ಎಪ್ಪತ್ತೊಂಬತ್ತರಿಂದ ಅಪ್ಪ.
ರಟ್ಟಿನ ಮೂವತ್ತಾರು ಪುಸ್ತಕ,
ಗೆದ್ದಲು ತಿಂದದ್ದು ಎರಡೇ.

ಮೈಸೂರಿನ ಡಾಕ್ಟರು ಅಪ್ಪನಿಗೆ ಪೆನ್ನು ಕೊಟ್ಟು
ಏನಾದರೂ ಒಂದು ಸಾಲು ಬರೆಯಿರಿ ಅಂದರು.
ಶುರುವಿಗೆ ಓದಬಹುದಿತ್ತು.
ಕೊನೆಗೆ ಹೊಲಿಗೆಯ ಹಾಗಿತ್ತು.
ಪಾರ್ಕಿನ್ಸನ್, ಅಂದರು. ಕೆಲವರಿಗೆ ಕೈ ನಡುಗುವ ಮೊದಲೇ
ಅಕ್ಷರ ಕುಗ್ಗುತ್ತದಂತೆ.

ಅವತ್ತು ರಾತ್ರಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ.
ಎರಡು ಸಾವಿರದ ಹನ್ನೊಂದರಲ್ಲಿ ಗೆರೆ ತುಂಬುತ್ತಿದ್ದ ಅಂಕಿ
ಇಪ್ಪತ್ತರ ಹೊತ್ತಿಗೆ ಗೆರೆಯ ಮೇಲೆ ಕೂತ ನುಸಿ.
ಅಲ್ಲಿಗೆ ಸುಮ್ಮನಾಗಬೇಕಿತ್ತು.
ಅಜ್ಜನದ್ದನ್ನೂ ತೆಗೆದೆ.
ಎಪ್ಪತ್ತಾರು. ಎಪ್ಪತ್ತೇಳು. ಎಪ್ಪತ್ತೆಂಟರ ಜುಲೈ,
ಅಷ್ಟು ದೊಡ್ಡ ಮಳೆ
ಅಷ್ಟು ಚಿಕ್ಕ ಅಕ್ಷರದಲ್ಲಿ.

ಅಜ್ಜನಿಗೆ ಏನಾಗಿತ್ತು?
ವಯಸ್ಸಾಗಿತ್ತು, ಅನ್ನುತ್ತಾಳೆ ಸೋದರತ್ತೆ ದೇಚವ್ವ.
ಆಗ ಅವನಿಗೆ ಐವತ್ತೆಂಟು.
ಕೊನೆಕೊನೆಗೆ ನಗುತ್ತಲೇ ಇರಲಿಲ್ಲ ಮಾರಾಯ್ತಿ,
ನಮ್ಮ ಮೇಲೆ ಸಿಟ್ಟು ಅಂದುಕೊಂಡೆವು.
ಒಂದು ಹುತ್ತರಿಗೆ ಕುಣಿತದ ನಡುವೆ ಕೋಲು ಕೆಳಗಿಟ್ಟು
ಹೊರಟುಹೋದ. ಅದಕ್ಕೂ ನಾವೇ ಕಾರಣ ಅಂದುಕೊಂಡೆವು.

ವಂಶದಲ್ಲಿ ಬರುತ್ತದಾ ಅಂತ ಡಾಕ್ಟರನ್ನು ಕೇಳಿದೆ.
ಹೆಚ್ಚಿನವರಿಗೆ ಇಲ್ಲ. ನೂರರಲ್ಲಿ ಹತ್ತು ಹದಿನೈದು ಮಂದಿಗೆ
ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆ.
ಇದ್ದರೂ ರಕ್ತವೇ ಅನ್ನಲಾಗದು:
ಒಂದೇ ಬಾವಿ, ಒಂದೇ ಗಾಳಿ, ಒಂದೇ ಔಷಧಿ ಡ್ರಮ್ಮು.
ಕಳೆಗೆ ಏನು ಹೊಡೀತೀರಿ?
ತಮ್ಮ ಪೂವಯ್ಯ ಹೆಸರು ಹೇಳಿ
ತನ್ನ ಅಂಗೈ ನೋಡಿಕೊಂಡ.

ನನ್ನ ಮದುವೆಯಲ್ಲಿ ನಮ್ಮ ಒಕ್ಕದವರು ಹನ್ನೆರಡು ಕಲ್ಲಿನಲ್ಲಿ
ಹನ್ನೊಂದನ್ನು ಗಂಡನ ಒಕ್ಕಕ್ಕೆ ಎಣಿಸಿ ಕೊಟ್ಟರು.
ಒಂದನ್ನು ಉಳಿಸಿಕೊಂಡರು,
ತವರಿನ ಬಾಗಿಲು ಪೂರ್ತಿ ಮುಚ್ಚದಿರಲಿ ಅಂತ.
ಮನೆಹೆಸರು ಬದಲಾಯಿತು, ರೇಷನ್ ಕಾರ್ಡು ಗೋಣಿಕೊಪ್ಪಕ್ಕೆ ಹೋಯಿತು.
ಆ ಒಂದು ಕಲ್ಲು ಈಗ ಯಾರ ಬಳಿ ಇದೆ,
ಅದರೊಳಗೆ ಏನಿದೆ?

ರಕ್ತ ಪರೀಕ್ಷೆ ಉಂಟು, ಬೇಕಾದರೆ ಮಾಡಿಸಿ, ಅಂದರು.
ಗೊತ್ತಾದರೆ ಏನು ಮಾಡಬಹುದು?
ಗೊತ್ತಿರಬಹುದು, ಅಂದರು.
ಒಳ್ಳೆಯ ಮನುಷ್ಯ.

ಮೂಗು ಮೊದಲು ಹೋಗುತ್ತದೆ ಅಂತ ಆಮೇಲೆ ತಿಳಿಯಿತು,
ಕೈಗಿಂತ ಎಷ್ಟೋ ವರ್ಷ ಮೊದಲು.
ಪಂದಿಕರಿಗೆ ಕಾಚಂಪುಳಿ ಬೀಳುವ ಹೊತ್ತಿಗೆ
ಎಲ್ಲರೂ ಅಡುಗೆಮನೆಗೆ ಬರುತ್ತಿದ್ದೆವು, ಅಪ್ಪ ಬರುತ್ತಿರಲಿಲ್ಲ.
ಇವರಿಗೆ ನನ್ನ ಅಡುಗೆ ಸಾಕಾಯಿತು ಅಂತ
ಅವ್ವ ಮುನಿಸಿಕೊಂಡಳು, ಎರಡು ವರ್ಷ.

ಹೂಮಳೆ ಬಂದು ಇವತ್ತಿಗೆ ಎಂಟು ದಿನ.
ರೋಬಸ್ಟಾ ಗಿಡ ಕೊಂಬೆ ಕಾಣದಷ್ಟು ಬಿಳಿ.
ಸಿದ್ದಾಪುರದ ಬಸ್ಸಿನಲ್ಲಿ ಜನ ಕಿಟಕಿ ಸರಿಸುತ್ತಾರೆ ಆ ಪರಿಮಳಕ್ಕೆ.
ನಾನು ಗಿಡದ ಹತ್ತಿರ ಹೋಗಿ ಕಣ್ಣು ಮುಚ್ಚುತ್ತೇನೆ.
ಬರುತ್ತದೆ.
ಅಥವಾ ಹೋದ ವರ್ಷದ್ದು ನೆನಪಿನಿಂದ ಬರುತ್ತದೆ.
ಇದನ್ನು ಯಾರ ಮೂಗಿನೊಂದಿಗೆ ತಾಳೆ ನೋಡಲಿ?

ಬೋಜಿ, ಬರಿ, ಅಂದ ಅಪ್ಪ ಜಗಲಿಯಿಂದ,
ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು.
ಡಬ್ಬಿ ಒಣಗಿತ್ತು.
ಪೆನ್ನು ಒತ್ತಿ, ಎರಡು ಗೆರೆ ತುಂಬುವ ಹಾಗೆ ಬರೆದೆ:
ಇಲ್ಲ.

ಅಪ್ಪ ಪುಸ್ತಕ ತಿರುಗಿಸಿ ನೋಡಿದ, ತುಂಬ ಹೊತ್ತು.
ಮುಖದಲ್ಲಿ ಏನೂ ಕಾಣಲಿಲ್ಲ. ನಗು ಇದ್ದದ್ದು ದನಿಯಲ್ಲಿ:
ಇಷ್ಟು ದೊಡ್ಡ ಇಲ್ಲ ಯಾಕೆ?
ನಾಳೆಗೂ ಸ್ವಲ್ಪ ಜಾಗ ಬಿಡು.